ಗಚ್ಚಿಯ ಮೇಲೆ ಮಡಿ

ನನ್ನ ಮಂಚದ ಮೇಲೆ ಛಾವಣಿ ಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಆಗ ನಾನು ಬೆಂಕಿಪೊಟ್ಟಣ ಹುಡುಕಲು ಎದ್ದು ಬಾಗಿಲ ಬಳಿ ಹೋಗಿದ್ದೆ. ಪೊಟ್ಟಣ ದಿಂಬಿನ ಕೆಳಗೇ ಇತ್ತು. ಅದು ಮೊದಲೇ ನೆನಪಾಗಿದ್ದರೆ? ಈ ಯೋಚನೆ ಈಗಲೂ ಲೋಕಲ್ ರೈಲಿನಲ್ಲಿ, ಊಟದ ನಡುವೆ ಬಂದುಬಿಡುತ್ತದೆ.

ಎಪ್ಪತ್ತರ ದಶಕದ ಆರಂಭ. ಬಿ.ಎ. ಮುಗಿಸಿ ಮುಂಬಯಿಗೆ ಬಂದು ಚೆಂಬೂರಿನ ಕಾರ್ಖಾನೆಯೊಂದರ ಆಫೀಸಿಗೆ ಸೇರಿದ್ದೆ. ಆಂಟಾಪ್ ಹಿಲ್‌ನ ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನನ್ನ ಖೋಲಿ, ತಲೆಯ ಮೇಲೆ ಗಚ್ಚಿ, ಅಂದರೆ ಬಯಲು ತಾರಸಿ. ಗಚ್ಚಿಯ ಬೀಗದ ಕೈ ಮನೆಯೊಡತಿ ಅಜ್ಜಿಯ ಸೆರಗಿನ ತುದಿಯಲ್ಲಿ. ಉಡುಪಿ ಕಡೆಯವರು, ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟು.

ಕೆಳಗೆ ಮೆಟ್ಟಿಲ ಪಕ್ಕದ ಖೋಲಿಯಲ್ಲಿ ವಿಜಾಪುರದ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬನಿದ್ದ. ಅವನ ಊರಿಗೆ ಕಾಲುವೆ ಬರುತ್ತಿತ್ತು. ಕಾಲುವೆ ಕೆಳಗಿನ ಸರಕಾರಿ ಜಮೀನನ್ನು ನೆಲವಿಲ್ಲದವರಿಗೆ ಹಂಚುತ್ತಿದ್ದರು. ಮೊದಲು ಪಡೆದವರು ನೀರು ಕಂಡ ಸಂತೋಷದಲ್ಲಿ ತೂಬು ಮುಚ್ಚಲೇ ಇಲ್ಲವಂತೆ. ನೆಲವೆಲ್ಲ ಉಪ್ಪೇರಿ ಸವಳಾಯಿತು. ಹಾಗಾಗಿ ಈಗ ಸಾಹೇಬರೊಬ್ಬರು ಬಂದು, ಅರ್ಜಿದಾರನ ಕೈಗೆ ಸಲಿಕೆ ಕೊಟ್ಟು, ಬದು ಒಡೆಯದಂತೆ ಕೊನೆಯವರೆಗೂ ನೀರು ಹಾಯಿಸಿ ತೋರಿಸು ಎನ್ನುತ್ತಿದ್ದರು. ತೋರಿಸಿದವನಿಗೆ ಭೂಮಿ. ಗೌಂಡಿಯೋ, ಮಳೆ ನಂಬಿದ ಜೋಳ ಬಿಟ್ಟು ಬೇರೆ ಬೆಳೆ ಕಂಡವನಲ್ಲ. ನೀರಾವರಿಯನ್ನು ಅವನು ಮುಂಬಯಿಯಲ್ಲೇ ಕಲಿಯಬೇಕಿತ್ತು.

ಅವನು ಅಜ್ಜಿಯನ್ನು ಕೇಳಿದಾಗ ನಾನೂ ಅಲ್ಲೇ ನಿಂತಿದ್ದೆ.

“ಅಮ್ಮಾರ, ಗಚ್ಚಿ ಮ್ಯಾಲ ಮಡಿ ಮಾಡ್ಬೇಕಂತೀನ್ರಿ. ಕೆಳಗ ಜಾಗಾ ಇಲ್ರಿ.”

ಅಜ್ಜಿಯ ಮುಖ ಅರಳಿತು. ನನ್ನತ್ತ ತಿರುಗಿದರು. “ನೋಡಿ ಮಾರಾಯ್ರೇ. ನೀವು ಬಿ.ಎ. ಓದಿದವರು, ಸ್ನಾನ ಇಲ್ಲದೆ ಕಾಫಿ ಕುಡಿಯುವವರು. ಇವನನ್ನು ನೋಡಿ ಕಲಿಯಿರಿ.” ಮತ್ತೆ ಅವನಿಗೆ, “ಯಾರೂ ಮುಟ್ಟಬಾರದಲ್ಲವಾ?”

“ಮುಟ್ಟೂದಿರ್ಲಿ, ಕಾಲಿಟ್ರೂ ಕೆಡ್ತಾವ್ರಿ.”

“ಮೇಲೆ ಟಾಕಿಯಲ್ಲಿ ನೀರುಂಟು, ಬೇಕಾದಷ್ಟು ತಗೋ.”

“ಅದ ಮುಖ್ಯ ನೋಡ್ರಿ!”

ಅವನ ಊರಲ್ಲಿ ಮಡಿಯೆಂದರೆ ನೀರು ನಿಲ್ಲಲು ಸುತ್ತ ಬದು ಕಟ್ಟಿದ ಮಣ್ಣಿನ ಪಾತಿ ಎಂಬುದು ಆಗ ಅಜ್ಜಿಗೂ ತಿಳಿಯದು, ನನಗೂ ತಿಳಿಯದು. ಬೀಗದ ಕೈ ಅವನ ಪಾಲಾಯಿತು. ಮಡಿ ಕೆಡುತ್ತದೆಂದು ಉಳಿದವರಾರೂ ಗಚ್ಚಿ ಹತ್ತುವಂತಿಲ್ಲ ಎಂದು ಅಜ್ಜಿ ಅಪ್ಪಣೆ ಹೊರಡಿಸಿದರು. ಅವನು ದಿನವೂ ಗಾರೆ ಹೊರುವ ಕಬ್ಬಿಣದ ಬುಟ್ಟಿ ಘಮೇಲಾದಲ್ಲಿ ಮಣ್ಣು ಹೊತ್ತು ಹತ್ತುತ್ತಿದ್ದ. ಗೌಂಡಿಯ ತಲೆಯ ಮೇಲೆ ಘಮೇಲಾ ಯಾಕಿದೆ ಎಂದು ಯಾರು ಕೇಳುತ್ತಾರೆ?

ಕ್ರಮೇಣ ಕಟ್ಟಡದ ನಲ್ಲಿಗಳು ಒಣಗಿದವು, ನನ್ನ ಖೋಲಿ ಸೋರತೊಡಗಿತು. ಬಕೆಟ್ ಇಟ್ಟೆ. ನಲ್ಲಿಯಲ್ಲಿ ನೀರಿಲ್ಲದ ದಿನ ಅದರಲ್ಲೇ ಮುಖ ತೊಳೆದೆ. ಒಂದು ದಿನ ಅದರಲ್ಲಿ ಎರೆಹುಳ ಇತ್ತು. ಅಜ್ಜಿಗೆ ಹೇಳಿದೆ.

“ಮಡಿ ನೀರು, ಮೈಮೇಲೆ ಬಿದ್ದರೆ ಒಳ್ಳೆಯದೇ,” ಎಂದರು.

ಆ ಭಾನುವಾರ ಮೊದಲು ತೊಲೆ ನರಳಿತು. ಆಮೇಲೆ ಬಂದ ಸದ್ದನ್ನು ಬರೆಯಲು ನನಗೆ ಬಾರದು. ಧೂಳು ಇಳಿದಾಗ ಮಂಚವಿರಲಿಲ್ಲ. ಅದರ ಜಾಗದಲ್ಲಿ ಮೆಂತ್ಯದ ಸೊಪ್ಪು ಹಸಿರಾಗಿ ನಿಂತಿತ್ತು. ಮೇಲಿನ ಕಿಂಡಿಯಲ್ಲಿ ಆಕಾಶ, ಅಂಚಿನಲ್ಲಿ ಸಲಿಕೆ ಹಿಡಿದ ಗೌಂಡಿ.

“ಸಾಹೇಬ್ರ! ಅದೀರೇನ್ರೀ?”

“ಇದ್ದೇನೆ.”

ಅವನು ಅಲ್ಲೇ ಕುಸಿದು ಕೂತು ಎದೆ ನೀವಿಕೊಂಡ. ಆಮೇಲೆ ಅಂಚಿನಿಂದ ಬಗ್ಗಿ ಮೆಲ್ಲಗೆ ಕೇಳಿದ. “ತಪ್ಪ ತಿಳೀಬ್ಯಾಡ್ರಿ. ಕಡೀ ಮಡಿ ನಿಮ್ಮ ಕಡೆ ಬಿದ್ದೈತಿ. ನೀರು ಮುಟ್ಟಿತ್ತೇನ ನೋಡ್ರಿ.”

ನೋಡಿದೆ. ಅಂಚಿನವರೆಗೂ ಒದ್ದೆಯಾಗಿತ್ತು. “ಮುಟ್ಟಿದೆ,” ಎಂದೆ.

ಅಜ್ಜಿ ಬಂದರು. “ಇದೆಂತದು?”

“ಮಡಿ ರೀ.”

“ಇದು ಮಡಿಯಾ?”

“ಮತ್ತ?”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವು ಮೊದಲು ಸ್ನಾನ ಮಾಡಿ,” ಎಂದರು.

ನೆರೆಯವರು ಪೊಲೀಸರನ್ನು ಕರೆಯಿರಿ ಎಂದು ಕೂಗಿದರು. ಮರುದಿನ ಬೆಳಗಿನ ಊರ ಗಾಡಿ ತಪ್ಪಿದರೆ ಸಾಹೇಬರು ಬಂದು ಹೋಗಿಬಿಡುತ್ತಾರೆ, ಭೂಮಿ ಹೋಗುತ್ತದೆ ಎಂದು ಗೌಂಡಿ ಕೈಮುಗಿದ. ಸಾಯಬೇಕಿದ್ದವನು ನಾನೆಂದು ತೀರ್ಮಾನ ನನಗೇ ಬಿಟ್ಟರು. ಹಲ್ಲು ಕಟಕಟಿಸುತ್ತಿತ್ತು, ಬಾಯಿಂದ ಮಾತೇ ಹೊರಡಲಿಲ್ಲ. ಅದನ್ನೇ ಕ್ಷಮೆಯೆಂದು ತಿಳಿದು ಅವನನ್ನು ಬಿಟ್ಟುಬಿಟ್ಟರು.

ತಿಂಗಳಾದ ಮೇಲೆ ಛಾವಣಿ ಕಟ್ಟಿಕೊಡಲು ಅವನೇ ಬಂದ. ಕರಣೆ ಆಡಿಸುತ್ತಾ ಹೇಳಿದ. ಊರಲ್ಲಿ ಸಾಹೇಬರೆದುರು ಅವನು ಬಿಟ್ಟ ನೀರು ಒಂದು ಬದುವನ್ನೂ ಒಡೆಯದೆ ಕಡೆಯ ಮಡಿ ಮುಟ್ಟಿತಂತೆ. ಸಾಹೇಬರಿಗೆ ಆಶ್ಚರ್ಯ.

“ಎಲ್ಲಿ ಕಲಿತೆ?”

“ಆಂಟಾಪ್ ಹಿಲ್‌ನ್ಯಾಗ್ರಿ.”

“ಅದು ಯಾವ ಕಾಲುವೆ ಕೆಳಗೆ ಬರುತ್ತದೆ?”

“ಕಾಲವಿ ಕೆಳಗ ಅಲ್ರಿ, ಬಿ.ಎ. ಓದಿದವ್ರೊಬ್ರ ಮ್ಯಾಲ ಬರ್ತೈತಿ.”

ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ಕಾಲುವೆ ಪಕ್ಕದ ತುಂಡನ್ನೇ ಅವನಿಗೆ ಕೊಟ್ಟರಂತೆ.