ಹತ್ತಿ ಗಂಟುಗಟ್ಟುವ ಕಾರಣ

ಜೇವರ್ಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹತ್ತಿ ಹಿಂಜುವ ಮಶೀನು ಗರ್ರೆಂದು ಶುರುವಾದರೆ ಮಾತಿಗೆ ಜಾಗವಿರುವುದಿಲ್ಲ. ಮೂವತ್ತು ವರ್ಷ ಆ ಸದ್ದಿನ ಪಕ್ಕದಲ್ಲೇ ಕೂತು ಗಾದಿ ಮಾಡಿದ ಲಾಲಸಾಬ ಈಗ ಅದು ಕೇಳಿದ ಕೂಡಲೇ ಎದ್ದು ನಿಲ್ಲುತ್ತಾನೆ. ಹೊಸ್ತಿಲವರೆಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ, ಉಸಿರು ಸಾಲದೆ ಗೋಡೆ ಹಿಡಿಯುತ್ತಾನೆ. ಮಶೀನಿನ ಮುಂದೆ ಈಗ ಮಗಳು ಗುಲನಾಜ ಕೂರುತ್ತಾಳೆ.

ಕಲಬುರಗಿಯ ಡಾಕ್ಟರು ಸ್ಕ್ಯಾನ್ ನೋಡಿ, ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಿದೆ ಎಂದಿದ್ದರು. ಬೀಡಿ ಸೇದುತ್ತಿದ್ದಿರೇನು, ಪಾರಿವಾಳ ಸಾಕಿದ್ದಿರೇನು, ಅದರ ಪುಕ್ಕದ ಧೂಳೂ ಎದೆಗೆ ಇಳಿಯುತ್ತದೆ ಎಂದು ಕೇಳಿದ್ದರು. ಎರಡೂ ಇಲ್ಲ. ಲಾಲಸಾಬ ಕೇಳಿದ್ದು ಒಂದೇ.

“ಹತ್ತಿ ಧೂಳದಿಂದ ಬಂದದೇನ್ರಿ? ಹೌದಂದ್ರ ಹೌದನ್ರಿ. ನನ್ನ ಮಗಳು ಅಲ್ಲೇ ಕುಂದರ್ತಾಳ.”

“ಗಾಯ ಮಾಯುವಾಗ ಚರ್ಮದ ಮ್ಯಾಲ ಗಟ್ಟಿ ಕಲಿ ಬೀಳ್ತದಲ್ಲ ಚಾಚಾ, ನಿಮ್ಮೊಳಗ ಆ ಕಲಿ ಬೀಳೋದು ನಿಲ್ಲವಲ್ದು. ಯಾಕಂತ ನಮಗೂ ಪೂರಾ ತಿಳಿದಿಲ್ಲ. ಧೂಳ ಇರಬಹುದು, ಇಲ್ದೇನೂ ಇರಬಹುದು.”

ಅದೇ ಕೋಣೆಯಲ್ಲಿ ಅದೇ ಧೂಳು ಕುಡಿದ ಹೆಂಡತಿ ಪೀರಬಿಗೆ ಇವತ್ತಿಗೂ ಒಂದು ಕೆಮ್ಮಿಲ್ಲ. ಬಸ್ಸಿನಲ್ಲಿ ಮರಳುವಾಗ ಅವನು ಪಕ್ಕದಲ್ಲಿ ಕೂತ ಅವಳನ್ನೇ ಎರಡು ಸಲ ತಿರುಗಿ ನೋಡಿದ್ದ.

ಇವತ್ತು ಅಂದೋಲಾ ಹಳ್ಳಿಯ ಚಂದ್ರಾಮಪ್ಪ ಹಳೆಯ ಗಾದಿ ಹೊತ್ತು ತಂದ. ಲಾಲಸಾಬ ಹೊಲಿಗೆ ಬಿಚ್ಚಿ ಹತ್ತಿಯೊಳಗೆ ಕೈಯಾಡಿಸಿದ.

“ಹಸಿ ಗ್ವಾಡಿಗೆ ಹಚ್ಚಿ ಹಾಸ್ತಿ. ಈ ಕಡಿ ಮೊಮ್ಮಗಳು ಉಚ್ಚಿ ಹೊಯ್ದಾಳ. ಅದಕ್ಕ ಗಂಟಾಗ್ಯದ.”

“ಲೇ ಲಾಲ್ಯಾ, ನಮ್ಮ ಮನಿ ಗುಟ್ಟೆಲ್ಲ ಬಿಚ್ಚಿದೆಲ್ಲೋ! ನಿನ್ನ ಎದಿಯಾಗೂ ಹಿಂಗ ಕೈ ಹಾಕಿ ಹೇಳು ನೋಡೂನು ಮತ್ತ.”

“ಅದರ ಹೊಲಿಗಿ ಎಲ್ಲಿ ಅದ ಅಂತ ನಾನೂ ಹುಡುಕಾಕತ್ತೇನ್ರಿ ಅಣ್ಣಾ,” ಎಂದಳು ಪೀರಬಿ.

ಲಾಲಸಾಬ ನಗಲಿಲ್ಲ. ಈ ಹತ್ತಿ ಹಿಂಜಿದರೆ ಸಂಜೆಗೆ ಮತ್ತೆ ಉಬ್ಬಿ ಹಗುರಾಗುತ್ತದೆ. ಗುಲನಾಜ ಬಾಯಿಗೆ ಓಢಣಿ ಸುತ್ತಿ ಸ್ವಿಚ್ಚಿಗೆ ಕೈ ಚಾಚಿದಳು. ಅವನು ಪ್ಲಗ್ಗನ್ನೇ ಕಿತ್ತ.

“ಅಬ್ಬಾಜಾನ್, ಧೂಳಂತ ಡಾಕ್ಟರ್ ಹೇಳಿಲ್ಲ. ದುಕಾನ ಮುಚ್ಚತಿಯೇನು?”

“ಅಲ್ಲಂತನೂ ಹೇಳಿಲ್ಲ ಬೇಟಿ. ಮುಚ್ಚಂಗಿಲ್ಲ. ಮಶೀನು ಹೊರಗ ಬೇವಿನ ಗಿಡದ ತಳಗ ಇಡೂನು, ಗಾಳಿ ಇರ್ತದ.” ವೈರಿನ ಸುರುಳಿ ಹೆಗಲಿಗೇರಿಸಿದ. ಉಸಿರು ಕೂಡುವವರೆಗೂ ಕಾಯದೆ ಹೊಸ್ತಿಲು ದಾಟಿ ನಡೆದ. “ಧೂಳದಿಂದ ಬಂದಿದ್ರ ನೀ ಉಳದಿ. ಅದರಿಂದ ಬಂದಿಲ್ಲಾಂದ್ರ, ಗಿಡದ ನೆಳ್ಳಾಗ ಕುಂತಂಗಾತು, ಹೋಗೂದೇನದ?”