ಅಳಿದೇವರ ಸವಾರಿ

ಹೋದ ಬೇಸಿಗೆ ರಜೆಯಲ್ಲಿ ನಾನು ನಲವತ್ತೊಂದು ಸಲ ಸತ್ತೆ. ಅಂದಾಜಿನ ಮಾತಲ್ಲ, ಗುರುತು ಇದೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ನಲ್ಲಿಯಲ್ಲಿ ನೀರು ಬಂದ ದಿನ, ಬೆಕ್ಕು ಮರಿ ಹಾಕಿದ ದಿನ ಎಲ್ಲವನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ನನ್ನ ಹಳೆಯ ಚಟ. ಅದೇ ಚೌಕಗಳ ಮೂಲೆಯಲ್ಲಿ ಸಾವಿಗೊಂದು ಗೀಟು ಪೆನ್ಸಿಲಿನಲ್ಲಿ ಎಳೆಯುತ್ತ ಬಂದೆ. ಒಂದು ದಿನ ನನ್ನ ಹೆಂಡತಿ ಸುಜಾತ ಅದನ್ನು ನೋಡಿ, "ಇದೇನ್ರೀ, ನೆನ್ನೆಗೆ ಆರು ಗೀಟು?" ಅಂದಳು. "ನೆನ್ನೆ ಆರು ಸಲ ಹೋದೆ" ಅಂದೆ. ಅವಳು ಗಾಬರಿಯಾಗಿ, "ಮೊದ್ಲೇ ಹೇಳೋದಲ್ವಾ, ಮಜ್ಜಿಗೆಗೆ ಮೆಂತ್ಯ ಹಾಕ್ಕೊಡ್ತಿದ್ದೆ" ಅಂದಳು.

ನನ್ನನ್ನು ಕೊಲ್ಲುತ್ತಿದ್ದದ್ದು ಒಂದು ಪ್ರಾಣಿ. ಮುಖ ಗರುಡನದು, ಮೈ ಸಿಂಹದ್ದು, ಬೆನ್ನಿನ ಮೇಲೆ ಚಾಪೆಯಗಲದ ಎರಡು ರೆಕ್ಕೆ. ವಾಸ ನಮ್ಮ ಟಿವಿಯ ಒಳಗೆ.

ನಾನು ದುದ್ದದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮನೆ ಶಾಂತಿಗ್ರಾಮದಲ್ಲಿ. ನಡುಗನ್ನಡದ ಷಟ್ಪದಿಗೆ ಪ್ರಸ್ತಾರ ಹಾಕಿಸುವವನ ಕೈಗೆ ವಿಡಿಯೋ ಗೇಮಿನ ಗುಂಡಿಗಳು ಬಂದದ್ದು ಮಗಳು ಸಿಂಚನಳಿಂದ. ಅವಳು ಹಾಸನದ ಹಾಸ್ಟೆಲಿನಲ್ಲಿದ್ದು ದನದ ಡಾಕ್ಟರಿಕೆ ಓದುತ್ತಿದ್ದಾಳೆ. ಪರೀಕ್ಷೆಗೆ ಮುಂಚೆ ಬಂದು ತನ್ನ ಆಟದ ಪೆಟ್ಟಿಗೆಯನ್ನು ನಮ್ಮ ಟಿವಿಗೆ ಸಿಕ್ಕಿಸಿ, "ಅಪ್ಪಾಜಿ, ಪರೀಕ್ಷೆ ಮುಗಿಯೋ ಗಂಟ ಇದು ನನ್ನ ಕಣ್ಣಿಗೆ ಬೀಳಬಾರದು. ಆದ್ರೆ ಒಳಗೆ ನನ್ನ ಮನೆ ಇದೆ, ಗಿಡ ಇದಾವೆ. ದಿನಾ ನೀರು ಹಾಕಿ, ಇಲ್ದಿದ್ರೆ ಒಣಗೋಯ್ತವೆ" ಎಂದು ಹೇಳಿ ಹೋದಳು.

ಅದು ಬದುಕಿ ಉಳಿಯುವ ಆಟ. ಯಾರೂ ಇಲ್ಲದ ದ್ವೀಪದಲ್ಲಿ ನಿಮ್ಮನ್ನು ಬಿಟ್ಟುಬಿಡುತ್ತಾರೆ. ಹಸಿವು, ಬಾಯಾರಿಕೆ, ಚಳಿ ಎಲ್ಲ ಆಗುತ್ತವೆ. ಸೌದೆ ಆಯಬೇಕು, ಮೀನು ಹಿಡಿಯಬೇಕು, ಗುಡಿಸಲು ಕಟ್ಟಬೇಕು. ಮೊದಲ ವಾರ ನಾನು ಮಗಳ ಹಿತ್ತಲು ಬಿಟ್ಟು ಕದಲಲಿಲ್ಲ. ಗಿಡಗಳಿಗೆ ನೀರು ಹಾಕಿದೆ, ಸೌದೆಯನ್ನು ಉದ್ದದ ಪ್ರಕಾರ ಒಟ್ಟಿದೆ. ಅಂಗಳ ಗುಡಿಸಲು ಪೊರಕೆ ಎಲ್ಲಿ ಸಿಗುತ್ತದೆ ಎಂದು ಮಗಳಿಗೆ ಫೋನ್ ಮಾಡಿ ಬೈಸಿಕೊಂಡೆ. ಆಗಲೇ ಅವಳು ಹೇಳಿದ್ದು: "ಹಿಂದಿನ ಗುಡ್ಡದ ಮೇಲೆ ಒಂದು ಪ್ರಾಣಿ ಇದೆ. ಪಳಗಿಸಿದ್ರೆ ಅದರ ಮೇಲೆ ಕೂತು ಇಡೀ ದ್ವೀಪ ಸುತ್ತಬಹುದು. ಆರು ತಿಂಗಳಿಂದ ನನ್ನ ಕೈಲೇ ಆಗಿಲ್ಲ, ನೀವು ಅದರ ಸುದ್ದಿಗೆ ಹೋಗ್ಬೇಡಿ."

ಹೋಗಬೇಡಿ ಎಂದ ಮೇಲೆ ಹೋಗದೆ ಇರಲು ನಾನೇನು ನನ್ನ ವಿದ್ಯಾರ್ಥಿಗಳಿಗಿಂತ ಒಳ್ಳೆಯವನೆ?

ಒಂದು ಸಮಾಧಾನವಿತ್ತು. ಇಂಥ ಪ್ರಾಣಿಗಳು ನಮ್ಮ ಜಿಲ್ಲೆಗೆ ಹೊಸವಲ್ಲ. ಮಕ್ಕಳನ್ನು ಪ್ರವಾಸಕ್ಕೆಂದು ಹಳೇ ದೇವಸ್ಥಾನಗಳಿಗೆ ಕರೆದುಕೊಂಡು ಹೋದಾಗ ಗೋಡೆಯ ಪಟ್ಟಿಗಳನ್ನು ಬೆರಳಿಟ್ಟು ತೋರಿಸುತ್ತೇನೆ: ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು, ಆಮೇಲೆ ಮಕರದ ಸಾಲು. ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನ ಬಾಲ. ಅಂಥದ್ದರ ಬೆನ್ನೇರಿದವರನ್ನೂ ಅಲ್ಲಿ ಕಾಣಬಹುದು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಷ್ಟು ಆರಾಮಾಗಿ. ಅವರು ಹತ್ತಿದ್ದು ಹೇಗೆ ಎಂಬುದನ್ನು ಮಾತ್ರ ಯಾವ ಶಿಲ್ಪಿಯೂ ಕೆತ್ತಿಲ್ಲ. ಕೂತ ಮೇಲಿನ ಗತ್ತು ಕಲ್ಲಿಗೆ ಬಂದಿದೆ; ಬಿದ್ದು ಮೊಣಕಾಲು ತರಚಿಕೊಂಡದ್ದು ಬಂದಿಲ್ಲ. ನಾನು ಭರ್ಜಿ ಹಿಡಿದು ಎದುರಿನಿಂದ ಹೋದೆ, ಸತ್ತೆ. ಓಡಿ ಹೋದೆ, ಸತ್ತೆ. ಮರದ ಮೇಲಿಂದ ಅದರ ಬೆನ್ನಿಗೆ ನೆಗೆದೆ. ಅದನ್ನು ವಿವರಿಸುವುದು ಬೇಡ.

ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮತ್ತೆ ಪುಟ್ಟತಾಯಮ್ಮನವರು. ಊರು ಹೊಳೆನರಸೀಪುರದಾಚೆಯ ಹಳೇಕೋಟೆ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಹಾಸನದಲ್ಲಿ ಆಪರೇಷನ್ ಆಗಿ, ಆಸ್ಪತ್ರೆಗೆ ಹತ್ತಿರವೆಂದು ನಮ್ಮಲ್ಲಿಗೆ ಬಂದಿದ್ದರು. ವಾಕರ್ ಹಿಡಿದು ದಿನಾ ನಡೆಯಬೇಕು, ಚೆನ್ನಾಗಿ ನೀರು ಕುಡಿಯಬೇಕು ಎಂದು ಡಾಕ್ಟರು ಹೇಳಿದ್ದರು.

ಅತ್ತೆ ಎರಡನ್ನೂ ಮಾಡಲಿಲ್ಲ, ಮತ್ತು ಅದಕ್ಕೆ ಕಾರಣ ನಾನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಕಾಲದ ಹೆಂಗಸರಿಗೆ ಅಳಿಯನೆಂದರೆ ಅಳಿಯನಲ್ಲ, ಅಳಿದೇವರು. ದೇವರ ಎದುರು ಕುರ್ಚಿಯ ಮೇಲೆ ಕೂರುವಂತಿಲ್ಲ, ದೇವರ ಹತ್ತಿರ ನೇರವಾಗಿ ಮಾತಾಡುವಂತಿಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಅತ್ತೆ ನನ್ನೊಡನೆ ಆಡಿದ ಮಾತೆಲ್ಲ ಬಾಗಿಲ ಹಿಂದಿನಿಂದ, ಮೂರನೆಯವರ ಮೂಲಕ: "ಅಳಿದೇವ್ರು ಊಟ ಮಾಡ್ತಾರಾ ಕೇಳವ್ವ." ನಾನೂ, "ಮಾಡ್ತೀನಿ ಅಂತ ಹೇಳು" ಎನ್ನುತ್ತಿದ್ದೆ. ನಡುವೆ ನಿಂತ ಸುಜಾತ ಎರಡೂ ಕಡೆ ಕೇಳಿಸಿದ ಮಾತನ್ನು ಮತ್ತೊಮ್ಮೆ ಹೇಳಿ ಸುಸ್ತಾಗುತ್ತಿದ್ದಳು.

ಅತ್ತೆಯ ಕೋಣೆ ನಮ್ಮ ಮನೆಯ ಮುಂಭಾಗದಲ್ಲಿ, ಬಚ್ಚಲು ಹಿಂದೆ. ನಡುವೆ ಟಿವಿ ಇರುವ ಹಾಲು. ಸುಜಾತ ಅಂಗನವಾಡಿ ಮೇಲ್ವಿಚಾರಕಿ, ಒಂಬತ್ತಕ್ಕೆ ಸ್ಕೂಟರ್ ಹತ್ತಿದರೆ ಬರುವುದು ಐದಕ್ಕೆ. ಅಷ್ಟು ಹೊತ್ತೂ ಹಾಲಿನಲ್ಲಿ ದೇವರು ಕೂತಿರುತ್ತದೆ. ಕಾಲೆಳೆಯುತ್ತ, ತೂರಾಡುತ್ತ ಅದರ ಮುಂದೆ ಹಾದು ಬಚ್ಚಲಿಗೆ ಹೋಗುವುದುಂಟೆ? ಅದಕ್ಕೇ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಎಂಟರ ಮೇಲೆ ನೀರನ್ನೇ ಮುಟ್ಟುತ್ತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಇಡೀ ಹಗಲು. ಮಂಚದ ಪಕ್ಕದ ಚೆಂಬು ಸಂಜೆಯವರೆಗೂ ತುಂಬಿದಂತೆಯೇ ಇರುತ್ತಿತ್ತು.

ನಾನು ಹಾಲು ಬಿಟ್ಟುಕೊಟ್ಟು ಜಗಲಿಯಲ್ಲಿ ಕೂತು ನೋಡಿದೆ. ಮನೆಯಲ್ಲಿ ಯಾರೂ ಇಲ್ಲದೆ ಬಿದ್ದರೆ ಎಂಬ ಹೆದರಿಕೆಗೆ ಅವರು ಆಗಲೂ ಏಳಲಿಲ್ಲ. ಕೈ ಹಿಡಿದು ನಡೆಸಲೇ ಎಂದು ಸುಜಾತಳನ್ನು ಕೇಳಿದೆ. "ನೀವು ಕೈ ಹಿಡಿದ್ರೆ ಅವ್ವ ಇನ್ನೊಂದ್ಸಲ ನಮ್ಮನೆ ಹೊಸ್ತಿಲು ತುಳಿಯಲ್ಲ" ಅಂದಳು. ಮೂರು ವಾರಕ್ಕೆ ಅತ್ತೆಗೆ ಉರಿಮೂತ್ರ, ಜ್ವರ. ಡಾಕ್ಟರು ಸುಜಾತಳೊಬ್ಬಳನ್ನೇ ಆಚೆ ಕರೆದು, "ಇನ್ನು ಹದಿನೈದು ದಿನದಲ್ಲಿ ನಡೆಸದಿದ್ರೆ ಕಾಲು ಹಿಡ್ಕೊಂಡ್ಬಿಡುತ್ತೆ, ಆಮೇಲೆ ಮಂಚವೇ ಗತಿ" ಅಂದರಂತೆ. ಅವತ್ತು ಅವಳು ಒಗ್ಗರಣೆ ಹಾಕುತ್ತ ಅಳುತ್ತಿದ್ದಳು. ಕೇಳಿದರೆ ಮೆಣಸಿನಕಾಯಿ ಘಾಟು ಅಂದಳು.

ನನಗೆ ತೋಚಿದ್ದು ಒಂದೇ. ಕುರ್ಚಿಯನ್ನು ತಿರುಗಿಸಿ, ಅತ್ತೆಯ ಬಾಗಿಲಿಗೆ ಬೆನ್ನು ಹಾಕಿ, ಟಿವಿಗೆ ಮುಖ ಮಾಡಿ ಕೂತೆ. ಕೂತ ಮೇಲೆ ಸುಮ್ಮನೆ ಇರಲಾಗದೆ ಗುಡ್ಡ ಹತ್ತಿದೆ, ಸತ್ತೆ. ಹೀಗೆ ನಾಲ್ಕು ದಿನ. ಐದನೆಯ ದಿನ ಹಿಂದಿನಿಂದ ಮೆಲ್ಲನೆ ಒಂದು ದನಿ ಬಂತು.

"ನೋಡವ್ವ ಬೆಕ್ಕಮ್ಮ, ನಮ್ಮ ಅಳಿದೇವ್ರು ಇವತ್ತೂ ಎದುರ್‌ಗಡೆಯಿಂದ್ಲೇ ಓಯ್ತಾವ್ರೆ."

ನಮ್ಮ ಬೆಕ್ಕು ಮರಿ ಹಾಕಿದ್ದು ಅತ್ತೆಯ ಮಂಚದ ಕೆಳಗೆ. ಮೂರನೆಯವರಿಲ್ಲದ ಮನೆಯಲ್ಲಿ ಅತ್ತೆಗೆ ಮೂರನೆಯವರು ಸಿಕ್ಕಿದ್ದರು.

"ಕೈಲಿ ದೊಣ್ಣೆ ಇಡ್ಕಂಡು ಮುಂದ್ಲಿಂದ ಓದ್ರೆ ಬಸವಣ್ಣನೂ ಹಾಯ್ತಾನೆ ಕಣವ್ವ. ಇನ್ನು ಅದು ಯಾವ್ ಜಾತಿದೋ ಏನೋ, ಬುಟ್ಟಾತಾ?"

ನಾನು ತಿರುಗಲಿಲ್ಲ. ಭರ್ಜಿಯನ್ನು ಮಾತ್ರ ಕೆಳಗಿಟ್ಟೆ.

ಹಳೇಕೋಟೆಯ ಸುತ್ತ ಹತ್ತು ಹಳ್ಳಿಯಲ್ಲಿ ಹೋರಿ ಪಳಗಿಸಲು ಅತ್ತೆಯ ಕೈಯೇ ಬೇಕಿತ್ತು ಎಂದು ಸುಜಾತ ಹೇಳಿದ್ದುಂಟು. ಹಳ್ಳೀಕಾರ್ ಹೋರಿ, ಕಣ್ಣು ಕೆಂಡ. ಗಂಡಸರು ಹಗ್ಗ ಹಿಡಿದು ಎಳೆದಾಡಿ ಸೋತ ಮೇಲೆ ಈಕೆಯನ್ನು ಕರೆಯುತ್ತಿದ್ದರಂತೆ. ಮರುದಿನ ಬೆಕ್ಕಿಗೆ ಆ ವಿದ್ಯೆಯ ಪಾಠವಾಯಿತು.

"ಮೇವು ಮಡಗ್ಬುಟ್ಟು ಬೆನ್ನು ಮಾಡಿ ಕೂತ್ಕಬೇಕು. ಅದ್ರ ಮಕ ನೋಡ್ಬಾರ್ದು. ನೋಡುದ್ರೆ ನಾಚ್ಕಂತದೆ, ಇಲ್ಲಾ ರೇಗ್ತದೆ. ಇವ್ನು ನನ್ನ ನೋಡ್ತಿಲ್ಲ ಅಂತ ಗೊತ್ತಾದ್ಮೇಕೆ ಅದೇ ಬತ್ತದೆ."

ಗುಡ್ಡದ ಮೇಲೆ ಮೀನು ಇಟ್ಟು, ಐದು ಹೆಜ್ಜೆ ಹಿಂದೆ ಸರಿದು, ಬೆನ್ನು ಮಾಡಿ ಕೂತೆ. ಕೂರುವುದಕ್ಕೂ ಆ ಆಟದಲ್ಲಿ ಒಂದು ಗುಂಡಿ ಇದೆ, ಮಗಳು ಅದನ್ನು ಎಂದೂ ಒತ್ತಿರಲಿಲ್ಲವಂತೆ. ಟಿವಿಯಲ್ಲಿ ಬರೀ ಸಮುದ್ರ ಕಾಣುತ್ತಿತ್ತು. ಹಿಂದೆ ಉಗುರು ಕಲ್ಲಿಗೆ ಕೆರೆಯುವ ಸದ್ದು. ಆ ಹೊತ್ತಿಗೇ ಕೋಣೆಯ ಕಡೆಯಿಂದಲೂ ಒಂದು ಸದ್ದು: ವಾಕರಿನ ಕಾಲು ನೆಲಕ್ಕೆ ತಾಗಿದ್ದು, ಟಕ್. ಒಂದೇ ಸಲ. ನಾನು ಸಮುದ್ರವನ್ನೇ ನೋಡುತ್ತಿದ್ದೆ.

ಇಲ್ಲಿ ಮೇಷ್ಟ್ರ ಬುದ್ಧಿ ಸ್ವಲ್ಪ ಅಡ್ಡ ಬರುತ್ತದೆ, ಕ್ಷಮಿಸಬೇಕು. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಯಿತು, 'ಪುಲಿ' ಬಾಲ ಮುದುರಿ 'ಹುಲಿ' ಆಯಿತು. ಅತ್ತೆಯ ಬಾಯಲ್ಲಿ ಆ ಹಕಾರವೂ ಸವೆದು 'ಆಲು', 'ಉಲಿ'. ಆದರೆ 'ಪಳಗು' ಎಂಬ ಪದ ಮಾತ್ರ ನಮ್ಮೆಲ್ಲರ ಬಾಯಲ್ಲೂ ಪಕಾರವನ್ನು ಬಿಟ್ಟುಕೊಡದೆ ನಿಂತಿದೆ. ಸಾವಿರ ವರ್ಷವಾದರೂ 'ಪಳಗು' ತಾನೇ ಪಳಗಿಲ್ಲ. ಇನ್ನೊಂದು ಸೋಜಿಗ ನೋಡಿ. ಹೋರಿ ಪಳಗುತ್ತದೆ, ಕೈ ಪಳಗುತ್ತದೆ, ದೋಸೆ ಹೆಂಚೂ ಪಳಗುತ್ತದೆ. ಹೊಸ ಹೆಂಚನ್ನು ಬೈದು ಪಳಗಿಸಿದವರಿಲ್ಲ. ದಿನಾ ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ಅಂಟಿಕೊಂಡ ಮೊದಲ ನಾಲ್ಕು ದೋಸೆಯನ್ನು ಮಾತಿಲ್ಲದೆ ನಾವೇ ತಿಂದುಕೊಂಡರೆ ಒಂದು ಬೆಳಿಗ್ಗೆ ಐದನೆಯದು ತಾನಾಗಿ ಏಳುತ್ತದೆ.

ನನ್ನದು ಮೊದಲ ನಾಲ್ಕು ದೋಸೆಯ ಕಾಲ. ಪ್ರಾಣಿ ಮೀನು ತಿಂದಿತು, ಮೂರನೆಯ ದಿನ ಪಕ್ಕದಲ್ಲಿ ಮಲಗಿತು, ಐದನೆಯ ದಿನ ಬೆನ್ನು ಹತ್ತಲು ಬಿಟ್ಟಿತು. ಹತ್ತಿದ ಮೇಲೆ ಬಂಡೆಯ ತುದಿಗೆ ಓಡಿ ಹಿಂಗಾಲಲ್ಲಿ ಎದ್ದು ನಿಲ್ಲುತ್ತದೆ. ಪರದೆಯ ಕೆಳಗಿನ ಹಸಿರು ಪಟ್ಟಿ ತುಂಬುವವರೆಗೆ ಕೂತಿದ್ದರೆ ಗೆದ್ದಂತೆ. ನಾನೋ ಅದು ಎದ್ದ ಕೂಡಲೇ ಇಳಿಯುವ ಗುಂಡಿ ಒತ್ತುತ್ತಿದ್ದೆ. ಇಳಿದವನು ಅದರ ಕಾಲಡಿಗೇ ಬೀಳುತ್ತಿದ್ದೆ. ಹೀಗೆ ಮೂರು ಸಲ. ನಲವತ್ತೊಂದು ತುಂಬಿದ್ದು ಆಗ. ಇತ್ತ ಡಾಕ್ಟರು ಕೊಟ್ಟ ಹದಿನೈದು ದಿನದಲ್ಲಿ ಉಳಿದದ್ದು ನಾಲ್ಕು. ವಾಕರಿನ ಟಕ್ ಬಾಗಿಲವರೆಗೆ ಬರುತ್ತಿತ್ತು, ಅಲ್ಲಿಂದ ವಾಪಸ್ಸು ಹೋಗುತ್ತಿತ್ತು. ಚೆಂಬು ತುಂಬಿದಂತೆಯೇ ಇತ್ತು.

ಗುರುವಾರ, ಹನ್ನೊಂದು ಗಂಟೆ ಇರಬೇಕು, ಕುಕ್ಕರ್ ಇಳಿಸಿ ಬಂದಿದ್ದೆ. ನಲವತ್ತೆರಡನೆಯ ಸಲ ಹತ್ತಿದೆ. ಹಿಂದೆ ಟಕ್. ಬಾಗಿಲಲ್ಲಿ ನಿಲ್ಲುತ್ತದೆ ಅಂದುಕೊಂಡೆ. ಮತ್ತೆ ಟಕ್. ಹೊಸ್ತಿಲು ದಾಟಿದ ಸದ್ದು ಬೇರೆ, ಹಾಲಿನ ಟೈಲ್ಸಿನ ಮೇಲೆ ಅದು ಗಟ್ಟಿಯಾಗಿ ಕೇಳುತ್ತದೆ. ಪ್ರಾಣಿ ಬಂಡೆಯ ತುದಿಯಲ್ಲಿ ಹಿಂಗಾಲ ಮೇಲೆ ಎದ್ದಿತು. ಕೆಳಗೆ ಸಮುದ್ರ. ನನ್ನ ಹೆಬ್ಬೆರಳು ಇಳಿಯುವ ಗುಂಡಿಯ ಮೇಲೆ ಕೂತಿತು.

"ಇಳೀಬ್ಯಾಡ ಕಣ್ಲಾ! ಬಿಗಿಯಾಗಿ ಕೂತ್ಕಳ್ಲಾ, ಅದ್ಕೂ ಭಯ ಆಗದೆ ಕಣ್ಲಾ!"

ಕಿವಿಯ ಪಕ್ಕದಲ್ಲೇ. ಹೊಲದ ಆ ಬದಿಯಿಂದ ಈ ಬದಿಗೆ ಕೇಳುವ ಗಂಟಲು. ಹೆಬ್ಬೆರಳು ತಾನಾಗಿ ಮೇಲಕ್ಕೆದ್ದಿತು. ಪಟ್ಟಿ ತುಂಬಿತು, ರೆಕ್ಕೆ ಬಿಚ್ಚಿತು, ನಾವು ನೀರಿನ ಮೇಲೆ ತೇಲುತ್ತಿದ್ದೆವು.

ಇಪ್ಪತ್ತಮೂರು ವರ್ಷದ ದೇವರನ್ನು ಅತ್ತೆ ಏಕವಚನದಲ್ಲಿ, ಮನೆ ಹುಡುಗನನ್ನು ಕರೆಯುವಂತೆ 'ಲಾ' ಅಂದಿದ್ದರು. ನಾನು ಈಗ ತಿರುಗಿ ಅವರ ಮುಖ ನೋಡಿದರೆ ಎಲ್ಲ ಕೆಟ್ಟೀತು ಎಂಬಷ್ಟು ಗೊತ್ತಿತ್ತು. ಗೊತ್ತುಮಾಡಿಸಿದವರೂ ಅವರೇ.

"ಅಯ್ಯೋ ಶಿವನೇ, ಬಾಯ್ ತಪ್ಪಿ ಬಂದ್ಬುಡ್ತಲ್ಲ ಬೆಕ್ಕಮ್ಮ" ಎಂದು ಸಣ್ಣಗೆ ಕೇಳಿಸಿತು.

ನಾನೂ ಟಿವಿ ನೋಡುತ್ತಲೇ, "ಬೆಕ್ಕಮ್ಮ, ಅತ್ತೆ ಹೇಳಿದ್ದಕ್ಕೇ ಉಳ್ಕೊಂಡೆ ಅಂತ ಹೇಳು" ಅಂದೆ.

ಟಕ್ ಮತ್ತೆ ಶುರುವಾಯಿತು. ಕೋಣೆಯ ಕಡೆಗಲ್ಲ, ನನ್ನ ಕುರ್ಚಿ ದಾಟಿ, ಅಡುಗೆಮನೆ ದಾಟಿ, ಬಚ್ಚಲ ಕಡೆಗೆ. ಎಣಿಸಿದೆ, ಇಪ್ಪತ್ತಾರು ಹೆಜ್ಜೆ. ಹಾಗೆಯೇ ವಾಪಸ್ಸು. ಹಾಲಿನ ನಡುವೆ ಸದ್ದು ನಿಂತಿತು.

"ಒಂದ್ ಚೆಂಬು ನೀರ್ ಕೊಡಪ್ಪ. ಬಾಯಿ ಒಣಗೋಗದೆ."

ಬೆಕ್ಕಿಗಲ್ಲ, ನನಗೇ ಹೇಳಿದ್ದು. ಕೊಟ್ಟೆ. ನಿಂತ ಕಾಲಲ್ಲೇ ಚೆಂಬು ಬರಿದಾಯಿತು. ಅವತ್ತಿನ ಚೌಕದಲ್ಲಿ ಗೀಟು ಇಲ್ಲ. 'ನೀರು, ಒಂದು ಚೆಂಬು' ಎಂದಿದೆ. ಸಂಜೆ ಅದನ್ನು ಓದಿದ ಸುಜಾತ ನನ್ನ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಬಿಟ್ಟಳು. ಕುಡಿಯಲಾಗದಷ್ಟು ಸಿಹಿ, ಪೂರ್ತಿ ಕುಡಿದೆ.

ಅತ್ತೆ ಈಗ ಹಳೇಕೋಟೆಯಲ್ಲಿ ಕೋಲು ಹಿಡಿದು ಕೊಟ್ಟಿಗೆ ಸುತ್ತುತ್ತಿದ್ದಾರೆ. ಯಾವ ದೇಶದ ಯಾರೋ ಕೂತು ಮಾಡಿದ ಆ ಆಟಕ್ಕೆ, ಅದನ್ನು ನಮ್ಮಲ್ಲಿ ಬಿಟ್ಟುಹೋದ ಮಗಳಿಗೆ, ಮಂಚದ ಕೆಳಗನ್ನೇ ಬಾಣಂತಿಕೋಣೆ ಮಾಡಿಕೊಂಡ ಬೆಕ್ಕಿಗೆ, ನಲವತ್ತೊಂದು ಸಲ ಕೊಂದು ನಲವತ್ತೆರಡನೆಯ ಸಲ ಹೊತ್ತ ಆ ಪ್ರಾಣಿಗೆ ನಾನು ಋಣಿ. ಪ್ರಾಣಿಗೆ ಹೆಸರಿಡಿ ಎಂದು ಆಟ ಕೇಳಿದಾಗ 'ಹಳೇಕೋಟೆ' ಎಂದು ಇಟ್ಟೆ. ಸಿಂಚನ ಮೂಗು ಮುರಿದಳು, ಬದಲಾಯಿಸಲಿಲ್ಲ.

ನಾಲ್ಕು ಜನರ ಮುಂದೆ ನಾನು ಈಗಲೂ ಅಳಿದೇವರೇ. ಆದರೆ ವಾರಕ್ಕೊಮ್ಮೆ ಅತ್ತೆಯ ಫೋನ್ ಬರುತ್ತದೆ: "ಅದ್ಕೆ ಮೀನ್ ಆಕುದ್ಯೇನ್ಲಾ?" ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಯಾವ ಬಡ್ತಿಯೂ ನನಗೆ ಇಷ್ಟು ಹಿತವಾಗಿರಲಿಲ್ಲ. ಸುಜಾತ ಹೇಳುವ ಪ್ರಕಾರ ಅವಳವ್ವ ತನ್ನ ಜೀವಮಾನದಲ್ಲಿ 'ಲಾ' ಎಂದು ಕರೆದದ್ದು ಇಬ್ಬರು ಗಂಡುಮಕ್ಕಳನ್ನು, ಮತ್ತೆ ತಾನು ಪಳಗಿಸಿದ ಹೋರಿಗಳನ್ನು. ಈ ಎರಡರಲ್ಲಿ ನಾನು ಯಾವ ಸಾಲಿಗೆ ಸೇರಿದೆ ಎಂದು ಇನ್ನೂ ಕೇಳಿಲ್ಲ.