ಅಜ್ಜಿಯರನ್ನು ನೆರಳಲ್ಲಿ ಒಣಗಿಸಿದ ಅರ್ಜಿ

ಧೈರ್ಯವಿದ್ದರೆ ನಂಬದೆ ಇರಿ, ನೋಡೋಣ: ಒಂದು ಕಾಲದಲ್ಲಿ ವಿಜಯನಗರದ ನಮ್ಮ ಕಾಲೇಜಿನಿಂದ ಹೊರಟ ಯಾವ ಸಂಶೋಧನಾ ಅರ್ಜಿಯೂ ನನ್ನ ಕಬ್ಬಿಣದ ಬೀರುವಿನಲ್ಲಲ್ಲದೆ ಬೇರೆಲ್ಲೂ ಹುಟ್ಟಿದ್ದಿಲ್ಲ. ಇತಿಹಾಸ, ವಾಣಿಜ್ಯ, ಇಂಗ್ಲಿಷು, ಎಲ್ಲದಕ್ಕೂ ಮೂಲಪುರುಷ ಸಸ್ಯಶಾಸ್ತ್ರದ ಮೇಷ್ಟ್ರಾದ ನಾನೇ. ಈಗ ಬಸವೇಶ್ವರನಗರದ ಪಾರ್ಕಿನ ಬೆಂಚಿನ ಮೇಲೆ ಇದನ್ನು ಶುರು ಮಾಡಿದರೆ ವಾಕಿಂಗ್ ಗೆಳೆಯರು ಇನ್ನೊಂದು ರೌಂಡು ಬಾಕಿ ಇದೆಯೆಂದು ಎದ್ದು ಹೋಗುತ್ತಾರೆ. ನಿಮಗೆ ಆ ಅನುಕೂಲವಿಲ್ಲ.

ಆಗ ನಾನು ಕಾಲೇಜಿನ ಅಧ್ಯಾಪಕರ ಅಭಿವೃದ್ಧಿ ಘಟಕದ ಸಂಚಾಲಕ. ಘಟಕವೆಂದರೆ ನಾನು, ಆ ಬೀರು, ಕಾಲು ಅಲುಗುವ ಒಂದು ಮೇಜು. ತಪಾಸಣೆಯವರು ಬರುವ ವರ್ಷ ಪ್ರಿನ್ಸಿಪಾಲರು "ಡಿಪಾರ್ಟ್‌ಮೆಂಟಿಗೊಂದು ಮೈನರ್ ಪ್ರಾಜೆಕ್ಟ್ ಬರಲೇಬೇಕು" ಎಂದು ಸುತ್ತೋಲೆ ಹೊರಡಿಸುತ್ತಿದ್ದರು. ಮೈನರ್ ಪ್ರಾಜೆಕ್ಟ್ ಎಂದರೆ ಮೇಷ್ಟ್ರುಗಳಿಗೆ ಸಂಶೋಧನೆಗೆಂದು ಕೊಡುವ ಪುಟ್ಟ ಅನುದಾನ. ಸುತ್ತೋಲೆ ಬಂದ ಸಂಜೆಯೇ ನನ್ನ ಮೇಜಿನ ಮುಂದೆ ಜಾತ್ರೆ. ಯಾಕೆಂದರೆ ನಮ್ಮ ಕಾಲೇಜಿನಲ್ಲಿ ಮೊಟ್ಟಮೊದಲು ಮಂಜೂರಾದ ಅರ್ಜಿ ನನ್ನದು, ಖಾಲಿ ಸೈಟುಗಳಲ್ಲಿ ಬೆಳೆಯುವ ಔಷಧಿ ಗಿಡಗಳ ಬಗ್ಗೆ ಬರೆದದ್ದು. ಮಂಜೂರಾದ ಅರ್ಜಿಗೆ ಕೈಗುಣವಿರುತ್ತದೆಂದು ನಮ್ಮವರ ನಂಬಿಕೆ. "ಸ್ಯಾಂಕ್ಷನ್ ಆಗಿರೋದನ್ನ ಒಂದಕ್ಷರ ಮುಟ್ಟಬಾರದು ಸಾರ್" ಅನ್ನುತ್ತಿದ್ದರು. ಕೆಲವರಂತೂ ಮದುವೆ ಕಾಗದದ ಹಾಗೆ ಫೈಲಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ರಾಹುಕಾಲ ಕಳೆದ ಮೇಲೆ ತಂದುಕೊಡುತ್ತಿದ್ದರು.

ಇಷ್ಟು ಭಕ್ತಿ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಅರ್ಜಿಯಿಂದ ಗಿಡದ ಮಾತನ್ನೆಲ್ಲ ಕಿತ್ತುಹಾಕಿ, ಅವರವರ ವಿಷಯ ತುಂಬಿಕೊಳ್ಳಲು ಚುಕ್ಕಿ ಸಾಲು ಬಿಟ್ಟು ಒಂದು ಮಾದರಿ ಪ್ರತಿ ಮಾಡಿದೆ. ಆದರೆ ಉದ್ದನೆಯ ಒಂದು ಪ್ಯಾರಾದ ನಡುವೆ ಹಳೆಯ ವಾಕ್ಯವೊಂದನ್ನು ಬೇಕೆಂದೇ ಉಳಿಸಿದೆ. ಅರ್ಜಿ ಇಂಗ್ಲಿಷಿನದು, ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಸಂಗ್ರಹಿಸಿದ........ಗಳನ್ನು ಮೂರು ದಿನ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿ ಇಡಲಾಗುವುದು."

ಚುಕ್ಕಿ ಕಂಡಲ್ಲೆಲ್ಲ ತುಂಬುತ್ತಾ ಹೋದರೇ ಹೊರತು ಒಬ್ಬರೂ ಓದಲಿಲ್ಲ. ಇತಿಹಾಸದವರು ಕೆಂಗೇರಿ ಸುತ್ತಿನ ವೀರಗಲ್ಲುಗಳನ್ನು ಪುಡಿ ಮಾಡಿ ಜರಡಿ ಹಿಡಿದರು. ವಾಣಿಜ್ಯದವರು ನಾಯಂಡಹಳ್ಳಿಯ ವರ್ಕ್‌ಷಾಪ್ ಮಾಲೀಕರನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿದರು. ಪ್ರಿನ್ಸಿಪಾಲರಿಗೆ ಹೋಗುವ ಮುಂಚೆ ಅರ್ಜಿಗೆ ನನ್ನ ಸಹಿ ಬೀಳಬೇಕಿತ್ತಲ್ಲ, ಅಲ್ಲೇ ಹಿಡಿಯುತ್ತಿದ್ದೆ. ಶಿಕ್ಷೆ ಏನೆಂದರೆ, ಸ್ಟಾಫ್ ರೂಮಿನಲ್ಲಿ ನಿಂತು ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ಎಲ್ಲರಿಗೂ ಬೇಕರಿಯಿಂದ ಖಾರ ಬನ್ ತರಿಸಬೇಕು.

"ನಿಮ್ ಮನೆ ಹಾಳಾಗ ಸಾರ್, ಇಷ್ಟ್ ವರ್ಷದ್ ಸರ್ವೀಸಲ್ಲಿ ನನ್ ಮರ್ಯಾದೆ ಹಿಂಗ್ ಯಾರೂ ತೆಗ್ದಿರ್ಲಿಲ್ಲ" ಎಂದರು ವಾಣಿಜ್ಯದವರು.

"ಅದ್ ಆಮೇಲೆ ನೋಡೋಣ ಗುರುವೇ, ಬನ್ನು ಬಿಸಿ ಇರ್ಲಿ" ಎಂದೆ.

ಒಮ್ಮೆ ಸಿಕ್ಕಿಬಿದ್ದವರು ಗುಟ್ಟು ಬಿಡುತ್ತಿರಲಿಲ್ಲ. ಮುಂದಿನವರೂ ಬೀಳಲಿ ಎಂಬ ಸಹೋದ್ಯೋಗಿ ಪ್ರೀತಿ!

ಹೀಗಿರುವಾಗ ಕನ್ನಡ ವಿಭಾಗಕ್ಕೆ ಹೊಸ ಮೇಡಂ ಒಬ್ಬರು ಬಂದರು. ದಾವಣಗೆರೆ ಕಡೆಯವರು, ನಾಗರಬಾವಿಯಲ್ಲಿ ಬಾಡಿಗೆ ರೂಮು. ಮಾರೇನಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಅವರಿಗೆ ಒಬ್ಬ ಅಜ್ಜಿ ಸಿಕ್ಕಿದ್ದರು. ಹೊಲವೆಲ್ಲ ಬಡಾವಣೆಯಾಗಿ, ಮನೆ ನಾಲ್ಕು ಮಹಡಿಯಾಗಿ, ಕೆಳಗೆ ಅಂಗಡಿ ಬಂದಿದ್ದರೂ, ಹಿಂದೆ ರಾಗಿ ಬೀಸುತ್ತಾ ಹಾಡುತ್ತಿದ್ದ ಪದಗಳೆಲ್ಲ ಆ ಅಜ್ಜಿಯ ಬಾಯಲ್ಲಿ ಹಾಗೇ ಇದ್ದವು.

"ಮಧ್ಯಾಹ್ನ ಸೊಸೆ ಮಲಗಿದ್ರೆ ಮಾತ್ರ ಹಾಡೋದು ಸಾರ್, ಇಲ್ದಿದ್ರೆ ನಾಚ್ಕೆ ಅವ್ರಿಗೆ" ಎಂದರು ಮೇಡಂ. "ಹೋದ ತಿಂಗ್ಳು ಪೂರ್ತಿ ಹೇಳ್ತಿದ್ದ ಪದ ಈಗ ಅರ್ಧಕ್ಕೇ ಕೆಮ್ಮು ಬಂದು ನಿಲ್ಲತ್ತೆ. ಮಧ್ಯಾಹ್ನ ನಂಗೆ ಕ್ಲಾಸು. ಪ್ರಾಜೆಕ್ಟ್ ಸಿಕ್ರೆ ವಾರಕ್ಕೊಂದ್ ಮಧ್ಯಾಹ್ನ ಬಿಡ್ತೀನಿ ಅಂದಿದಾರೆ ಪ್ರಿನ್ಸಿಪಾಲ್ರು. ಇಲ್ದಿದ್ರೆ ಅಜ್ಜಿ ಜೊತೆ ಪದಾನೂ ಹೋಗ್ಬಿಡತ್ತೆ. ಆದ್ರೆ ಇಂಗ್ಲಿಷಲ್ಲಿ ಬರೆಯೋಕೆ ಭಯ ಸಾರ್."

"ಯಾಕ್ ಮೇಡಂ ಭಯ, ನನ್ ಮಾದರಿ ಇಲ್ವಾ?" ಎಂದು ಪೆನ್‌ಡ್ರೈವ್ ಕೊಟ್ಟೆ. ಮೂಗಿಗೆ ಆಗಲೇ ಖಾರ ಬನ್ನಿನ ವಾಸನೆ ಬಡಿದಿತ್ತು.

ಆ ವಾರವೇ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಮಹಾರಾಜನಂತೆ ಮಲಗಿದ್ದೆ. ಅತ್ತ ಕಡೇ ದಿನಾಂಕ ಬಂದು, ನನ್ನ ಸಹಿಗೆ ಕಾಯದೆ ಪ್ರಿನ್ಸಿಪಾಲರೇ ಅರ್ಜಿ ಕಳಿಸಿಬಿಟ್ಟಿದ್ದರು. ಮರಳಿ ಬಂದು ಆಫೀಸ್ ಪ್ರತಿ ತೆರೆದರೆ, "ಸಂಗ್ರಹಿಸಿದ ಅಜ್ಜಿಯರನ್ನು ಮೂರು ದಿನ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ..."

ಜೀವಮಾನದಲ್ಲಿ ಮೊದಲ ಸಲ ನನ್ನ ಹಾಸ್ಯಕ್ಕೆ ನನಗೇ ನಗು ಬರಲಿಲ್ಲ. ಮೇಡಂಗೆ ನಾಳೆ ಹೇಳೋಣ ಅಂದುಕೊಂಡೆ. ನಾಳೆ, ನಾಳೆ ಎನ್ನುತ್ತಲೇ ಸಂದರ್ಶನದ ಕರೆ ಬಂತು.

ಸಂದರ್ಶನದ ಕೋಣೆಯಲ್ಲಿ ಮೂವರು ತಜ್ಞರು, ಅವರೆದುರು ಮೇಡಂ, ಸಂಚಾಲಕನೆಂಬ ಹೆಸರಿಗೆ ಹಿಂದಿನ ಕುರ್ಚಿಯಲ್ಲಿ ನಾನು. ನಡುವೆ ಕೂತ ತಜ್ಞರು ಕನ್ನಡಕ ಸರಿಮಾಡಿಕೊಂಡು ಆ ವಾಕ್ಯವನ್ನು ನಿಧಾನವಾಗಿ ಓದಿದರು. ಓದಿ, "ಎಷ್ಟು ದೊಡ್ ಡಬ್ಬಿ ಬೇಕಾಗತ್ತಮ್ಮಾ ಒಬ್ಬೊಬ್ಬ ಅಜ್ಜಿಗೆ?" ಎಂದರು. ಅಕ್ಕಪಕ್ಕದವರು ಬಿದ್ದುಬಿದ್ದು ನಕ್ಕರು. ಮೇಡಂ ಕುತ್ತಿಗೆಯವರೆಗೂ ಕೆಂಪಾದರು.

ಆಗ ನಾನು ಎದ್ದು ನಿಂತೆ. "ಸಾರ್, ಆ ವಾಕ್ಯ ನಂದು. ಓದ್ದೆ ಸಹಿ ಹಾಕೋರನ್ನ ಹಿಡಿಯೋಕೆ ಅಂತ ನಾನೇ ಇಟ್ಟಿದ್ದು. ಇವ್ರದೇನೂ ತಪ್ಪಿಲ್ಲ. ಬೈಯೋದಿದ್ರೆ ನನ್ನ ಬೈರಿ" ಎಂದೆ. ನನ್ನ ಗಂಟಲು ಕಂಚಿನ ಗಂಟೆ, ಕೋಣೆಯೆಲ್ಲ ಮೊಳಗಿತು.

ತಜ್ಞರು ನಗು ನಿಲ್ಲಿಸಿ ಮೇಡಂ ಕಡೆ ತಿರುಗಿದರು. "ಹೋಗ್ಲಿ ಬಿಡಿ. ಏನ್ ಹಾಡ್ತಾರೆ ಆ ಅಜ್ಜಿ?"

ಮೇಡಂ ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದರು. ಮೊದಲು ಬೀದಿಯ ಆಟೋ ಸದ್ದು, ಆಮೇಲೆ ಒಣಗಿದ ಒಂದು ಕಂಠ, ಬೀಸುವ ಕಲ್ಲು ಒಂದೊಂದೇ ಸುತ್ತು ತಿರುಗಿದ ಹಾಗೆ ಎಳೆದೆಳೆದು ಹಾಡಿತು. ನಡುವೆ ಕೆಮ್ಮು ಬಂದು ಹಾಡು ನಿಂತಿತು.

"ಮುಂದೆ?" ಎಂದರು ತಜ್ಞರು.

"ಮುಂದಿಂದು ಅಜ್ಜಿ ಹತ್ರಾನೇ ಇದೆ ಸಾರ್. ಮಧ್ಯಾಹ್ನ ಹೋದ್ರೆ ಸಿಗತ್ತೆ."

ತಜ್ಞರು ಅರ್ಜಿಯನ್ನು ಮೇಡಂ ಕಡೆ ಸರಿಸಿದರು. ಸಂಶೋಧನೆಯ ವಿಧಾನವನ್ನು ಸ್ವಂತ ಮಾತಿನಲ್ಲಿ, ಕನ್ನಡದಲ್ಲೇ ಆದರೂ ಸರಿ, ಒಂದು ಪುಟ ಬರೆದುಕೊಡಿ ಎಂದರು. ಮೇಡಂ ಅಲ್ಲೇ ಹೊರಗಿನ ಕಟ್ಟೆಯ ಮೇಲೆ ಕೂತು ಬರೆದುಕೊಟ್ಟರು. ಪ್ರಾಜೆಕ್ಟ್ ಮಂಜೂರಾಯಿತು.

ಆಮೇಲೆ ಬುಧವಾರ ಮಧ್ಯಾಹ್ನಗಳು ಬಂದವು. ಒಂದು ದಿನ ನಾನೂ ಜೊತೆಗೆ ಹೋದೆ. ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇ ಏನಪ್ಪ, ನನ್ನ ಒಣಗಾಕಿ ಪುಡಿ ಮಾಡ್ತೀನಿ ಅಂದ ಮೇಷ್ಟ್ರು? ಆಗ್ಲೇ ಒಣಗೋಗಿವ್ನಿ ಕಣಪ್ಪ, ಜರಡಿ ತಂದಿದ್ರೆ ತಗಿ" ಎಂದರು. ನಾನು ಚಪ್ಪಲಿ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮಹಡಿಯ ಮೇಲೆ ಸೊಸೆಯ ಫ್ಯಾನು ತಿರುಗುತ್ತಿತ್ತು, ಕೆಳಗೆ ಪಾತ್ರೆ ಅಂಗಡಿಯ ಸದ್ದು, ನಡುವೆ ಈ ಹಾಡು. ಅಂಥ ಮಧ್ಯಾಹ್ನ ನನಗೆ ಮತ್ತೆ ಸಿಗಲಿಲ್ಲ. ಅಜ್ಜಿ ಮುಂದಿನ ಯುಗಾದಿಯವರೆಗೂ ಇದ್ದರು. ಅರ್ಧಕ್ಕೆ ನಿಂತಿದ್ದ ಪದವನ್ನೂ ಸೇರಿಸಿ ತಮಗೆ ನೆನಪಿದ್ದಷ್ಟನ್ನೂ ಹಾಡಿ ಮುಗಿಸಿಯೇ ಹೋದರು.

ಇಷ್ಟು ಕಥೆಯಲ್ಲಿ ನಾನು ಕಟ್ಟಿ ಹೇಳಿದ ಸುಳ್ಳು ಒಂದೇ ಒಂದು. ವೀರಗಲ್ಲಲ್ಲ, ಅರಿಶಿನವಲ್ಲ, ಅಜ್ಜಿಯ ಬೈಗುಳವೂ ಅಲ್ಲ. ಆ ಕೋಣೆಯಲ್ಲಿ ನಾನು ಎದ್ದು ನಿಲ್ಲಲಿಲ್ಲ. ಎದ್ದವರು ಮೇಡಂ. "ತಪ್ಪು ನಂದೇ ಸಾರ್, ಓದ್ದೆ ಕಳಿಸ್ಬಿಟ್ಟೆ" ಎಂದರು. ಆ ವಾಕ್ಯ ಯಾರ ಕೈಯದೆಂದು ಅವರಿಗೆ ಆ ಕ್ಷಣವೇ ಹೊಳೆದಿರಬೇಕು. ಆದರೂ ಹಿಂತಿರುಗಿ ನನ್ನ ಕಡೆ ನೋಡಲಿಲ್ಲ. ನಾನು ಮೊಣಕಾಲ ಮೇಲಿನ ಫೈಲಿನ ದಾರ ಬಿಚ್ಚುತ್ತಾ ಕಟ್ಟುತ್ತಾ ಕೂತೇ ಇದ್ದೆ.